ಹಳ್ಳ ದಾಟುವ ಜೀಪಿಗೆ ಡಿಫರೆನ್ಷಿಯಲ್ ಆಯಿಲ್ ಯಾವಾಗ ಬದಲಿಸಬೇಕು?

ಪ್ರಶ್ನೆ: ಹೊಸನಗರ ತಾಲ್ಲೂಕಿನಲ್ಲಿ ನಮ್ಮ ಮನೆ. ತೋಟದ ಕೆಲಸಕ್ಕೆಂದು ಫೋರ್ ವೀಲ್ ಡ್ರೈವ್ ಜೀಪು ಇಟ್ಟುಕೊಂಡಿದ್ದೇವೆ. ವರ್ಷಕ್ಕೆ ಐದು ಸಾವಿರ ಕಿಲೋಮೀಟರ್ ಓಡಿದರೆ ಹೆಚ್ಚು. ಎಡಬಲ ಚಕ್ರಗಳಿಗೆ ಶಕ್ತಿ ಹಂಚುವ ಡಿಫರೆನ್ಷಿಯಲ್‌ನ ಆಯಿಲನ್ನು 40,000 ಕಿ.ಮೀ.ಗೆ ಬದಲಿಸಿದರೆ ಸಾಕೆಂದು ಗ್ಯಾರೇಜಿನಲ್ಲಿ ಹೇಳಿದರು. ಹಾಗಾದರೆ ಎಂಟು ವರ್ಷ ಅದರ ತಂಟೆಗೆ ಹೋಗುವುದು ಬೇಡವೇ?

ಉತ್ತರ: ಹೋಗಲೇಬೇಕು, ವರ್ಷಕ್ಕೊಮ್ಮೆ ಪರೀಕ್ಷೆಗಾದರೂ. ಗ್ಯಾರೇಜಿನವರ ಲೆಕ್ಕ ಸುಳ್ಳೇನಲ್ಲ. ಒಳ್ಳೆಯ ಟಾರು ರಸ್ತೆಯಲ್ಲಿ ಹದವಾದ ಭಾರ ಹೊತ್ತು ಓಡುವ ಗಾಡಿಗೆ 40,000ದಿಂದ 50,000 ಕಿ.ಮೀ. ನಡೆಯುತ್ತದೆ. ಏರು, ಕೆಸರು, ಹೊರೆ ಇರುವ ಕಡೆ ಅದನ್ನು ಅರ್ಧಕ್ಕೆ ಇಳಿಸಿ, 20,000 ಕಿ.ಮೀ. ಅಥವಾ ಎರಡು ವರ್ಷ, ಯಾವುದು ಮೊದಲೋ ಅದನ್ನು ಹಿಡಿಯುವುದು ಕ್ಷೇಮ. ಗಾಡಿಯ ಕೈಪಿಡಿಯಲ್ಲಿ ಕಠಿಣ ಬಳಕೆಗೆಂದು ಬೇರೆ ಅವಧಿ ಕೊಟ್ಟಿದ್ದರೆ ಅದಕ್ಕೇ ಮೊದಲ ಮನ್ನಣೆ. ಆದರೆ ನಮ್ಮ ಮಲೆನಾಡಿನಲ್ಲಿ ಈ ಆಯಿಲನ್ನು ಕೆಡಿಸುವುದು ಓಡಿದ ದೂರಕ್ಕಿಂತ ಹೆಚ್ಚಾಗಿ ನೀರು. ಹಳ್ಳಕ್ಕೆ ಇಳಿಯುವ ಜೀಪಿನ ಆಯಿಲನ್ನು ಮೀಟರ್ ನೋಡಿ ಬದಲಿಸುತ್ತಾ ಕುಳಿತರೆ ಡಿಫರೆನ್ಷಿಯಲ್ ಒಳಗಿನ ಜೋಡಿ ಗೇರಾದ ಕ್ರೌನ್ ಪಿನಿಯನ್ ಉಳಿಯುವುದಿಲ್ಲ.

ಒಳಗೆ ನಡೆಯುವುದನ್ನು ಸ್ವಲ್ಪ ನೋಡಿ. ಕ್ರೌನ್ ಮತ್ತು ಪಿನಿಯನ್‌ನ ಹಲ್ಲುಗಳು ಒಂದನ್ನೊಂದು ಒತ್ತುವುದಷ್ಟೇ ಅಲ್ಲ, ಉಜ್ಜಿಕೊಂಡು ಜಾರುತ್ತವೆ. ಆ ಒತ್ತಡಕ್ಕೆ ಬರಿಯ ಎಣ್ಣೆ ನಿಲ್ಲುವುದಿಲ್ಲ. ಅದಕ್ಕೇ ಈ ಆಯಿಲಿನಲ್ಲಿ ಗಂಧಕ ಮತ್ತು ರಂಜಕದ ಸಂಯುಕ್ತಗಳನ್ನು ಬೆರೆಸಿರುತ್ತಾರೆ. ಹಲ್ಲು ಬಿಸಿಯಾದ ಜಾಗದಲ್ಲಿ ಅವು ತೆಳುವಾದ ಪದರ ಕಟ್ಟಿ ಲೋಹಕ್ಕೆ ಲೋಹ ತಾಗದಂತೆ ತಡೆಯುತ್ತವೆ. ಆಯಿಲಿಗೆ ನೀರು ಸೇರಿದರೆ ಈ ರಕ್ಷಣೆ ಕುಂದುತ್ತದೆ, ಬೇರಿಂಗಿಗೆ ತುಕ್ಕು ಹಿಡಿಯುತ್ತದೆ.

ನೀರು ಒಳಗೆ ಹೋಗುವುದಾದರೂ ಹೇಗೆ? ಭಾರ ಹೊತ್ತು ಘಟ್ಟ ಹತ್ತಿದ ಜೀಪಿನ ಹೌಸಿಂಗ್, ಎಂದರೆ ಈ ಗೇರುಗಳನ್ನು ಮುಚ್ಚಿರುವ ಲೋಹದ ಕವಚ, ಕೈಯಿಡಲಾಗದಷ್ಟು ಬಿಸಿಯಾಗಿರುತ್ತದೆ. ಒಳಗಿನ ಗಾಳಿ ಹಿಗ್ಗಿ, ಮೇಲಿರುವ ಬ್ರೀದರ್ ಎಂಬ ಗಾಳಿಕಿಂಡಿಯ ಮೂಲಕ ಹೊರಗೆ ಹೋಗಿರುತ್ತದೆ. ಅದೇ ಬಿಸಿಯಲ್ಲಿ ಜೀಪು ತಣ್ಣನೆಯ ಹಳ್ಳಕ್ಕೆ ಇಳಿದರೆ ಉಳಿದ ಗಾಳಿ ಒಮ್ಮೆಲೇ ಕುಗ್ಗುತ್ತದೆ, ಹೌಸಿಂಗ್ ಹೊರಗಿನದನ್ನು ಒಳಕ್ಕೆ ಎಳೆದುಕೊಳ್ಳುತ್ತದೆ. ಬ್ರೀದರ್ ನೀರಿನಲ್ಲಿ ಮುಳುಗಿದ್ದರೆ ಅಲ್ಲಿಂದ, ಇಲ್ಲವಾದರೆ ಸವೆದ ಆಯಿಲ್ ಸೀಲಿನ ಅಂಚಿನಿಂದ ನೀರು ನುಗ್ಗುತ್ತದೆ. ಹಳ್ಳಕ್ಕೆ ಇಳಿಯುವ ಮೊದಲು ಜೀಪನ್ನು ಸ್ವಲ್ಪ ಹೊತ್ತು ನಿಲ್ಲಿಸಿ ಆರಲು ಬಿಡಿ. ಬ್ರೀದರ್‌ಗೆ ಉದ್ದನೆಯ ರಬ್ಬರ್ ಪೈಪ್ ಜೋಡಿಸಿ ಬಾನೆಟ್ಟಿನ ಒಳಕ್ಕೆ, ಎತ್ತರದಲ್ಲಿ ಕಟ್ಟಿಸಿಬಿಡಿ. ಖರ್ಚು ಅತ್ಯಲ್ಪ, ಫಲ ದೊಡ್ಡದು. ಬ್ರೀದರ್ ಕೆಸರಿನಿಂದ ಕಟ್ಟಿಕೊಂಡಿದ್ದರೂ ತೊಂದರೆಯೇ: ಒಳಗಿನ ಒತ್ತಡ ಸೀಲಿನ ಮೂಲಕ ಆಯಿಲನ್ನು ಹೊರಗೆ ತಳ್ಳುತ್ತದೆ. ಸೀಲ್ ಹೋಗಿದೆ ಎಂದು ಮತ್ತೆ ಮತ್ತೆ ಸೀಲ್ ಬದಲಿಸುವವರು ಒಮ್ಮೆ ಬ್ರೀದರ್ ಬಿಚ್ಚಿ ನೋಡಬೇಕು.

ಆಯಿಲ್ ಪರೀಕ್ಷೆ ಕಷ್ಟವಲ್ಲ. ರಾತ್ರಿಯಿಡೀ ಸಮತಟ್ಟಾದ ಜಾಗದಲ್ಲಿ ನಿಂತ ಜೀಪಿನ ಡ್ರೈನ್ ಪ್ಲಗ್ಗನ್ನು ಬೆಳಿಗ್ಗೆ ಒಂದೆರಡು ಸುತ್ತು ಸಡಿಲಿಸಿ. ನೀರು ಆಯಿಲಿಗಿಂತ ಭಾರ, ತಳದಲ್ಲಿ ಬೇರೆಯಾಗಿ ನಿಂತಿದ್ದರೆ ಮೊದಲು ಅದೇ ತೊಟ್ಟಿಕ್ಕುತ್ತದೆ. ಓಡಿ ಕಡೆದುಹೋಗಿದ್ದರೆ ಆಯಿಲ್ ಹಾಲು ಬೆರೆಸಿದ ಕಾಫಿಯ ಬಣ್ಣಕ್ಕೆ ತಿರುಗಿರುತ್ತದೆ. ಆ ಬಣ್ಣ ಕಂಡರೆ ಆಯಿಲ್ ಹಾಕಿ ತಿಂಗಳಾಗಿದ್ದರೂ ಅದೇ ದಿನ ಬದಲಿಸಬೇಕು. ಹೊಸ ಆಯಿಲ್ ಹಾಕಿ ಸ್ವಲ್ಪ ದೂರ ಓಡಿಸಿ ಮತ್ತೆ ನೋಡಿ. ಬಣ್ಣ ಮಾಸಿದ್ದರೆ ಅದನ್ನೂ ಇಳಿಸಿ.

ಈ ಪರೀಕ್ಷೆಗೆ ಆಯುಧಪೂಜೆಯ ಹೊತ್ತು ಹೇಳಿಮಾಡಿಸಿದಂತಿದೆ. ಆರಿದ್ರಾದಿಂದ ಆಶ್ಲೇಷದವರೆಗಿನ ದೊಡ್ಡ ಮಳೆಗಳು ಮುಗಿದಿರುತ್ತವೆ, ಗಾಡಿ ತೊಳೆಯಲು ಹೇಗೂ ಇಳಿದಿರುತ್ತೀರಿ. ಆ ಮಳೆಗಾಲದಲ್ಲಿ ಹೌಸಿಂಗ್ ಮುಳುಗುವಷ್ಟು ನೀರಿಗೆ ಜೀಪು ಇಳಿದಿದ್ದರೆ ಪರೀಕ್ಷೆಯ ಮಾತೂ ಬೇಡ, ಬದಲಿಸಿಯೇ ಬಿಡಿ. ನೀವೇ ಹೇಳುವ ಐದು ಸಾವಿರ ಕಿ.ಮೀ.ನಲ್ಲಿ ಎಷ್ಟೋ ಪಾಲು ತೋಟದ ದಾರಿಯದೇ ಇರುತ್ತದೆ. ಕೊಡಚಾದ್ರಿಗೆ ಬಾಡಿಗೆ ಹೊಡೆಯುವ ಜೀಪುಗಳೂ ಹಾಗೆಯೇ, ಓಡುವ ದೂರ ಕಡಿಮೆ, ಹೌಸಿಂಗ್ ಪಡುವ ಪಾಡು ಬಹಳ.

ಮುಂದಿನ ಚಕ್ರಗಳ ಹೌಸಿಂಗನ್ನು ಮರೆಯುವವರೇ ಹೆಚ್ಚು. ನಾಲ್ಕು ಚಕ್ರದ ಗೇರು ಹಾಕುವುದೇ ಅಪರೂಪ, ಆಯಿಲ್ ಹೊಸದರ ಹಾಗೇ ಇರುತ್ತದೆ ಎಂಬ ನಂಬಿಕೆ. ಅದೂ ಅದೇ ಹಳ್ಳದಲ್ಲಿ ಮುಳುಗುತ್ತದೆ. ಗೇರು ತಿರುಗದೆ ನಿಂತಲ್ಲಿ ನೀರು ತಳದಲ್ಲೇ ಕುಳಿತು ಬೇರಿಂಗನ್ನು ತಿನ್ನುತ್ತದೆ. ಶಕ್ತಿಯನ್ನು ಮುಂದಿನ, ಹಿಂದಿನ ಚಕ್ರಗಳಿಗೆ ಹಂಚುವ ಟ್ರಾನ್ಸ್‌ಫರ್ ಕೇಸಿನ ಆಯಿಲ್ ಬೇರೆಯೇ, ಅದನ್ನೂ ಜೊತೆಗೇ ನೋಡಿಸಿ.

ಬದಲಿಸುವಾಗ ಮೊದಲು ತುಂಬುವ ಪ್ಲಗ್ಗನ್ನು ಬಿಚ್ಚಬೇಕು. ಆಯಿಲೆಲ್ಲ ಇಳಿಸಿದ ಮೇಲೆ ಆ ಪ್ಲಗ್ ತುಕ್ಕು ಹಿಡಿದು ಬಿಚ್ಚಿಕೊಳ್ಳದಿದ್ದರೆ ಜೀಪು ಇದ್ದಲ್ಲೇ ಉಳಿಯುತ್ತದೆ. ಡ್ರೈನ್ ಪ್ಲಗ್ಗಿನಲ್ಲಿ ಅಯಸ್ಕಾಂತವಿದ್ದರೆ ಅದಕ್ಕೆ ಅಂಟಿದ್ದನ್ನು ಬೆರಳಲ್ಲಿ ಉಜ್ಜಿ ನೋಡಿ. ನುಣ್ಣನೆಯ ಬೂದು ಬಣ್ಣದ ಕೆಸರು ಸಹಜ ಸವೆತ. ಬೆರಳಿಗೆ ಚುಚ್ಚುವ ಚೂರು ಸಿಕ್ಕಿದರೆ ಹೌಸಿಂಗ್ ಬಿಚ್ಚಿಸುವುದೇ ಸರಿ. ಕ್ರೌನ್ ಪಿನಿಯನ್ ಹೊಸದಾಗಿ ಕೂರಿಸಿದ್ದರೆ ಮೊದಲ ಆಯಿಲನ್ನು 1,000 ಕಿ.ಮೀ. ಆಸುಪಾಸಿನಲ್ಲೇ ತೆಗೆಸಿ, ಹೊಸ ಹಲ್ಲುಗಳ ಪುಡಿ ಅದರಲ್ಲಿರುತ್ತದೆ.

ಅಂಗಡಿಯಲ್ಲಿ ‘90 ನಂಬರ್ ಆಯಿಲ್’ ಎಂದಷ್ಟೇ ಕೇಳಬೇಡಿ. ಹೆಚ್ಚಿನ ಜೀಪುಗಳ ಡಿಫರೆನ್ಷಿಯಲ್‌ಗೆ 80ಡಬ್ಲ್ಯೂ-90 ದಪ್ಪದ ಆಯಿಲ್ ಇರಬೇಕು, ಡಬ್ಬಿಯ ಮೇಲೆ ಗುಣಮಟ್ಟದ ದರ್ಜೆ ಜಿಎಲ್-5 ಎಂದು ಬರೆದಿರಬೇಕು. ಉಳಿದದ್ದನ್ನು ಗೇರ್‌ಬಾಕ್ಸಿಗೆ ಸುರಿಯಬೇಡಿ. ಜಿಎಲ್-4 ಕೇಳುವ ಗೇರ್‌ಬಾಕ್ಸಿನ ಹಿತ್ತಾಳೆ ಭಾಗಗಳಿಗೆ ಅದು ಒಗ್ಗದಿರಬಹುದು.

ಇಳಿಸಿದ ಹಳೆಯ ಆಯಿಲನ್ನು ಕ್ಯಾನಿಗೆ ತುಂಬಿ, ಬಳಸಿದ ಆಯಿಲ್ ಸಂಗ್ರಹಿಸುವ ಗ್ಯಾರೇಜಿಗೆ ಕೊಡಿ. 2016ರ ಕೇಂದ್ರ ನಿಯಮಗಳ ಪ್ರಕಾರ ಅದು ಅಪಾಯಕಾರಿ ತ್ಯಾಜ್ಯ. ಗೆದ್ದಲು ಹಿಡಿಯದಿರಲೆಂದು ಬೇಲಿ ಕಂಬಕ್ಕೆ ಬಳಿಯುವ ರೂಢಿ ನಮ್ಮಲ್ಲಿದೆ, ಅದನ್ನು ಬಿಡಬೇಕು. ಮಳೆಗೆ ತೊಳೆದು ಹರಿದದ್ದು ಕೆಳಗಿನ ಮನೆಯವರು ಗುಡ್ಡದಿಂದ ಹರಿಸಿಕೊಳ್ಳುವ ಅಬ್ಬಿ ನೀರಿಗೆ ಸೇರುತ್ತದೆ.