ಅಕ್ಕನ ಮಗಳಿಗೆ ಲಾಂಗ್ ಕ್ಯೂಟಿ, ನನ್ನ ಮಗನ ಇಸಿಜಿ ನಾರ್ಮಲ್. ಅಷ್ಟು ಸಾಕಾ?

ಪ್ರಶ್ನೆ: ಅಕ್ಕನ ಮಗಳು ಈಜುವಾಗ ಪ್ರಜ್ಞೆ ತಪ್ಪಿದ್ದಳು. ಫಿಟ್ಸ್ ಅಂದುಕೊಂಡಿದ್ದೆವು, ಆಮೇಲೆ ಲಾಂಗ್ ಕ್ಯೂಟಿ ಸಿಂಡ್ರೋಮ್ ಎಂದು ಗೊತ್ತಾಯಿತು. ನನ್ನ ಮಗನಿಗೂ ಇಸಿಜಿ ಮಾಡಿಸಿದೆ, ನಾರ್ಮಲ್ ಬಂತು. ಇನ್ನು ಹೆದರಬೇಕಿಲ್ಲ ಅಲ್ವಾ?

ಉತ್ತರ: ಒಂದೇ ಇಸಿಜಿ ನೋಡಿ ಹಾಗೆ ಹೇಳಲಾಗದು. ಈ ಕಾಯಿಲೆಯ ಜೀನ್ ಇರುವವರಲ್ಲಿ ಸುಮಾರು ನಾಲ್ಕರಲ್ಲಿ ಒಬ್ಬರ ಇಸಿಜಿ ಸರಿಯಾಗಿಯೇ ಕಾಣುತ್ತದೆ.

ಪ್ರತಿ ಬಡಿತದ ನಂತರ ಹೃದಯ ಮುಂದಿನ ಬಡಿತಕ್ಕೆ ಚಾರ್ಜ್ ಆಗಬೇಕು. ಅದಕ್ಕೆ ಹಿಡಿಯುವ ಹೊತ್ತು ಇಸಿಜಿಯಲ್ಲಿ ಕ್ಯೂಟಿ ಅಂತರವಾಗಿ ಕಾಣುತ್ತದೆ. ಬಡಿತದ ವೇಗಕ್ಕೆ ಲೆಕ್ಕ ಸರಿಹೊಂದಿಸಿದ ಮೇಲೂ ಅದು ಮತ್ತೆ ಮತ್ತೆ 480 ಮಿಲಿಸೆಕೆಂಡ್ ಮುಟ್ಟಿದರೆ ಲಾಂಗ್ ಕ್ಯೂಟಿ. 500 ದಾಟಿದರೆ ಅಪಾಯ ಜಾಸ್ತಿ. ಆಗ ಬಡಿತ ಏಕಾಏಕಿ ಲಯ ತಪ್ಪಬಹುದು, ಮಿದುಳಿಗೆ ರಕ್ತ ಹೋಗದೆ ಮಗು ಕುಸಿಯಬಹುದು. ಕೈಕಾಲು ಸೆಳೆಯುವುದರಿಂದ ಎಷ್ಟೋ ಮಕ್ಕಳು ವರ್ಷಗಟ್ಟಲೆ ಸುಮ್ನೆ ಫಿಟ್ಸ್ ಮಾತ್ರೆ ನುಂಗುತ್ತಾರೆ.

ನಿಮ್ಮ ಮಗನಿಗಿಂತ ಮೊದಲು ನೋಡಬೇಕಾದ್ದು ಅಕ್ಕನ ಮಗಳ ಜೀನ್ ಪರೀಕ್ಷೆ. ಈಜುವಾಗ ಬಿದ್ದಳು ಎಂದರೆ ಮೊದಲ ಅನುಮಾನ ಕೆಸಿಎನ್‌ಕ್ಯೂ1 ಜೀನ್ ಮೇಲೆ. (ಅಲಾರಂ, ಫೋನ್ ಸದ್ದಿಗೆ ಬೆಚ್ಚಿ ಪ್ರಜ್ಞೆ ತಪ್ಪುವವರಲ್ಲಿ ಹೆಚ್ಚಾಗಿ ಬೇರೆ ಜೀನಿನ ದೋಷ ಇರುತ್ತದೆ.) ದೋಷ ಸಿಕ್ಕರೆ ಅಕ್ಕ ಮತ್ತು ಭಾವ ಇಬ್ಬರಿಗೂ ಅದೇ ಪರೀಕ್ಷೆ. ಭಾವನ ಕಡೆಯಿಂದ ಬಂದಿದ್ದರೆ ನಿಮ್ಮ ಮಗನಿಗೆ ಈ ಚಿಂತೆಯಿಲ್ಲ. ಅಕ್ಕನಿಂದ ಬಂದಿದ್ದರೆ ನಿಮಗೂ ಅದು ಇರುವ ಸಾಧ್ಯತೆ ಅರ್ಧ, ಮಗನಿಗೆ ಕಾಲು ಭಾಗ. ನಿಮ್ಮಲ್ಲಿ ಇಲ್ಲ ಎಂದಾದರೆ ಅವನಿಗೆ ನಿಮ್ಮಿಂದ ಬರುವ ಪ್ರಶ್ನೆಯೇ ಇಲ್ಲ.

ಅಕ್ಕನನ್ನು ಸೋದರಮಾವನಿಗೋ ಅತ್ತೆಯ ಮಗನಿಗೋ ಕೊಟ್ಟಿದ್ದರೆ ಮಾತ್ರ ಈ ಲೆಕ್ಕ ಕೆಡುತ್ತದೆ. ಆಗ ಎರಡೂ ಕಡೆ ಒಂದೇ ರಕ್ತ, ಭಾವನ ಕಡೆಯದು ಎಂದು ಕೈಬಿಡುವಂತಿಲ್ಲ. ತಂದೆತಾಯಿ ಇಬ್ಬರಿಂದಲೂ ದೋಷ ಬಂದ ಮಗುವಿಗೆ ಹುಟ್ಟುಕಿವುಡೂ ಇರಬಹುದು, ಕಾಯಿಲೆಯೂ ಜೋರು. ಇಂಥ ಮಕ್ಕಳ ಬಗ್ಗೆ ನಾರ್ವೆಯ ವೈದ್ಯರು 1957ರಲ್ಲೇ ಬರೆದಿದ್ದರು. ನಮ್ಮಲ್ಲಿ ಹುಟ್ಟುಕಿವುಡಿರುವ ಮಗು ಪ್ರಜ್ಞೆ ತಪ್ಪಿದರೆ ಇಸಿಜಿ ತೆಗೆಸಲೇಬೇಕು.

ಐವರಲ್ಲಿ ಒಬ್ಬರಿಗಾದರೂ ಜೀನ್ ಪರೀಕ್ಷೆಯಲ್ಲಿ ಏನೂ ಸಿಗುವುದಿಲ್ಲ. ಆಗ ಟ್ರೆಡ್‌ಮಿಲ್ ಓಡಿಸಿ, ನಿಂತ ಮೇಲಿನ ನಿಮಿಷಗಳ ಇಸಿಜಿ ನೋಡುತ್ತಾರೆ. ಮೆಷಿನ್ ಮುದ್ರಿಸಿದ ಸಂಖ್ಯೆ ನೆಚ್ಚಬೇಡಿ, ಹೃದಯತಜ್ಞರೇ ಅಳೆಯಲಿ.

ಚಿಕಿತ್ಸೆ ಹೆಚ್ಚಿನವರಿಗೆ ಮಾತ್ರೆಯೇ: ನಾಡೊಲಾಲ್ ಅಥವಾ ಪ್ರೊಪ್ರನೊಲಾಲ್, ದಿನವೂ, ತಪ್ಪಿಸದೆ. ಅಸ್ತಮಾ ಇದ್ದರೆ ಮೊದಲೇ ಹೇಳಿ. ಹೃದಯ ಒಮ್ಮೆ ನಿಂತು ಬದುಕಿದವರಿಗೆ, ಮಾತ್ರೆ ತಿಂದೂ ಬೀಳುವವರಿಗೆ ಲಯ ತಪ್ಪಿದಾಗ ಶಾಕ್ ಕೊಟ್ಟು ಸರಿಪಡಿಸುವ ಐಸಿಡಿ ಎಂಬ ಸಾಧನವನ್ನು ದೇಹದೊಳಗೆ ಕೂರಿಸುತ್ತಾರೆ.

ಮಗನ ವಿಷಯ ತೀರ್ಮಾನವಾಗುವವರೆಗೆ ಅವನನ್ನು ಈಜಿಗೆ ಕಳಿಸಬೇಡಿ. ಔಷಧಿಯಲ್ಲೂ ಹುಷಾರು. ಅಜಿತ್ರೋಮೈಸಿನ್, ಡೊಂಪೆರಿಡೋನ್, ವಾಂತಿಗೆ ಕೊಡುವ ಆಂಡನ್ಸೆಟ್ರಾನ್, ಇವೆಲ್ಲ ಕ್ಯೂಟಿ ಉದ್ದ ಮಾಡುತ್ತವೆ. ವಾಂತಿಭೇದಿಯಾದರೆ ಪೊಟ್ಯಾಸಿಯಂ ಇಳಿದು ಅಪಾಯ ಇನ್ನೂ ಏರುತ್ತದೆ, ಅದೇ ಹೊತ್ತಿಗೆ ಮೆಡಿಕಲ್ ಶಾಪಿನವರು ಕೈಗಿಡುವುದೂ ಅದೇ ಆಂಡನ್ಸೆಟ್ರಾನ್. ಓಆರ್‌ಎಸ್ ಕುಡಿಸಿ, ವೈದ್ಯರ ಹತ್ತಿರ ಕರೆದೊಯ್ದು, ಮನೆಯಲ್ಲಿ ಲಾಂಗ್ ಕ್ಯೂಟಿ ಇದೆ ಎಂದು ಮೊದಲೇ ಹೇಳಿ.