ಒಂದು ಕುರಿಗೂ ಒಂದು ರಸೀದಿ ಏಕೆ?

ಪ್ರಶ್ನೆ: ಮೆಸೊಪೊಟೇಮಿಯಾದಲ್ಲಿ ಸಿಕ್ಕಿರುವ ಮಣ್ಣಿನ ಫಲಕಗಳಲ್ಲಿ ಬಹುಪಾಲು ಕುರಿ, ಧಾನ್ಯ, ಕೂಲಿಯಾಳುಗಳ ಲೆಕ್ಕವೇ ಇದೆಯಂತೆ. ಒಂದೊಂದು ಕುರಿಯನ್ನೂ ಬರೆದಿಡುವ ಅಗತ್ಯ ಅವರಿಗೇನಿತ್ತು?

ಉತ್ತರ: ನೀವು ಕೇಳಿರುವುದು ನಿಜ. ಇಂದಿನ ದಕ್ಷಿಣ ಇರಾಕಿನಲ್ಲಿರುವ ಉರುಕ್ ನಗರದಲ್ಲಿ, ಸುಮಾರು ಕ್ರಿ.ಪೂ. 3300ರಿಂದ 3000ರ ಅವಧಿಗೆ ಸೇರಿದ, ಕ್ಯೂನಿಫಾರ್ಮ್ ಎಂಬ ಬೆಣೆಲಿಪಿಯ ಅತಿ ಹಳೆಯ ರೂಪವಿರುವ ಫಲಕಗಳು ಮತ್ತು ಚೂರುಗಳು ಐದು ಸಾವಿರದಷ್ಟು ದೊರೆತಿವೆ. ಅವುಗಳಲ್ಲಿ ಶೇ. 80ಕ್ಕೂ ಹೆಚ್ಚು ಲೆಕ್ಕಪತ್ರಗಳು. ಮಿಕ್ಕವು ಬರೆಯಲು ಕಲಿಯುವವರಿಗಾಗಿ ಮಾಡಿದ ಪದಪಟ್ಟಿಗಳು. ದೇವರ ಸ್ತುತಿಯಾಗಲಿ, ಅರಸನ ಹೊಗಳಿಕೆಯಾಗಲಿ ಅಲ್ಲಿಲ್ಲ. ಅವು ಈ ಲಿಪಿಗೆ ಬಂದದ್ದು ಕೆಲವು ಶತಮಾನಗಳ ನಂತರ.

ಕುರಿ ಯಾರ ಕೈಯಿಂದ ಯಾರ ಕೈಗೆ ದಾಟಿತು, ಇನ್ನು ಮುಂದೆ ಅದಕ್ಕೆ ಲೆಕ್ಕ ಒಪ್ಪಿಸಬೇಕಾದವರು ಯಾರು ಎಂಬುದನ್ನು ಗೊತ್ತುಮಾಡುವುದೇ ಈ ಬರಹದ ಕೆಲಸ. ಇದನ್ನು ಅತ್ಯಂತ ಸ್ಪಷ್ಟವಾಗಿ ಕಾಣಬಹುದಾದದ್ದು ಅದೇ ನಾಡಿನ ಉರ್ ಎಂಬ ಇನ್ನೊಂದು ನಗರದ ಮೂರನೆಯ ರಾಜವಂಶದ ಕಾಲದಲ್ಲಿ, ಅಂದರೆ ಸುಮಾರು ಕ್ರಿ.ಪೂ. 2112ರಿಂದ 2004ರವರೆಗೆ. ಈ ಒಂದೇ ಶತಮಾನದಿಂದ ಒಂದು ಲಕ್ಷದಷ್ಟು ಫಲಕಗಳು ಇಂದು ತಿಳಿದಿವೆ. ಈ ವಂಶದ ಎರಡನೆಯ ಅರಸ ಶುಲ್ಗಿ ತನ್ನ ಆಳ್ವಿಕೆಯ 39ನೆಯ ವರ್ಷದಲ್ಲಿ ನಿಪ್ಪುರ ನಗರದ ಬಳಿ ಪುಜ್ರಿಶ್-ದಗಾನ್ ಎಂಬ ಜಾನುವಾರು ಕೇಂದ್ರವನ್ನು ಕಟ್ಟಿಸಿದ. ಇಂದು ಆ ಜಾಗದ ಹೆಸರು ಡ್ರೆಹೆಮ್. ಪ್ರಾಂತ್ಯಗಳಿಂದಲೂ ಗಡಿಯಾಚೆಯಿಂದಲೂ ಬಂದ ದನ, ಕುರಿ, ಮೇಕೆಗಳು, ಆಗೊಮ್ಮೆ ಈಗೊಮ್ಮೆ ಕರಡಿಗಳೂ ಇಲ್ಲಿ ದಾಖಲಾಗಿ, ದೇವಾಲಯ, ಅರಮನೆಯ ಅಡುಗೆಮನೆ ಮತ್ತು ಸೈನಿಕರಿಗೆ ಹಂಚಿಕೆಯಾಗುತ್ತಿದ್ದವು.

ಅಲ್ಲಿನ ಸಾಮಾನ್ಯ ಫಲಕವೊಂದು ಅಂಗೈಯ ಕುಳಿಯೊಳಗೆ ಕೂರುವಷ್ಟೇ ಚಿಕ್ಕದು. ಹಸಿ ಜೇಡಿಮಣ್ಣಿಗೆ ಜೊಂಡಿನ ಕಡ್ಡಿಯ ಮೂಲೆಯನ್ನು ಒತ್ತಿ ಎತ್ತಿದಾಗ ಬೆಣೆಯಾಕಾರದ ಗುರುತು ಮೂಡುತ್ತದೆ. ಅಂಥ ಗುರುತುಗಳಲ್ಲಿ ಮೊದಲು ಪ್ರಾಣಿಗಳ ಸಂಖ್ಯೆ ಮತ್ತು ಬಗೆ, ಆಮೇಲೆ ದಿನ, ಆಮೇಲೆ ‘ಅಬ್ಬಸಗನಿಂದ ಇಂತಾಎಅ ವಹಿಸಿಕೊಂಡನು’ ಎಂದು ಇಬ್ಬರು ಅಧಿಕಾರಿಗಳ ಹೆಸರಿರುವಂಥ ಒಂದು ವಾಕ್ಯ, ಕೊನೆಗೆ ತಿಂಗಳು ಮತ್ತು ವರ್ಷ. ವರ್ಷಕ್ಕೆ ಸಂಖ್ಯೆಯಿಲ್ಲ, ಹೆಸರಿದೆ: ಈ ಕೇಂದ್ರವನ್ನು ಕಟ್ಟಿದ ವರ್ಷವನ್ನು ಹಾಗೆಯೇ ‘ಪುಜ್ರಿಶ್-ದಗಾನ್ ಕಟ್ಟಿದ ವರ್ಷ’ ಎಂದು ಕರೆದರು. ಎಡ ಅಂಚಿನ ಮೇಲೆ ಪ್ರಾಣಿಗಳ ಒಟ್ಟು ಮೊತ್ತವನ್ನು ಮತ್ತೊಮ್ಮೆ ಬರೆದಿರುವುದು ನನಗೆ ಬಹಳ ಮೆಚ್ಚಿಗೆಯಾದ ಸಂಗತಿ. ಬುಟ್ಟಿಯಲ್ಲಿ ಸಾಲಾಗಿಟ್ಟ ಫಲಕಗಳ ಅಂಚನ್ನಷ್ಟೇ ನೋಡಿ ಕೂಡಿಸಿಕೊಳ್ಳುವ ಗುಮಾಸ್ತನ ಬೆರಳು ಅಲ್ಲಿ ಕಂಡಂತಾಗುತ್ತದೆ. ಸತ್ತ ಕುರಿಯನ್ನೂ ‘ಸತ್ತದ್ದು’ ಎಂದೇ ನಮೂದಿಸುತ್ತಿದ್ದರು, ಏಕೆಂದರೆ ಹಾಗೆ ನಮೂದಾಗದ ಕುರಿ ವಹಿಸಿಕೊಂಡವನ ತಲೆಯ ಮೇಲೆ ಬದುಕಿದ ಕುರಿಯಾಗಿಯೇ ಉಳಿದುಬಿಡುತ್ತದೆ.

ಮಾಲು ಪಡೆದವನು ಫಲಕದ ಮೇಲೆ ತನ್ನ ಉರುಳೆ ಮುದ್ರೆಯನ್ನು, ಅಂದರೆ ಚಿತ್ರ ಕೆತ್ತಿದ ಪುಟ್ಟ ಉರುಳೆಯನ್ನು, ಹೊರಳಿಸುತ್ತಿದ್ದ. ಕೆಲವೊಮ್ಮೆ ಫಲಕಕ್ಕೆ ತೆಳುವಾದ ಮಣ್ಣಿನ ಲಕೋಟೆ ಹೊದಿಸಿ, ಒಳಗಿನ ಒಕ್ಕಣೆಯನ್ನೇ ಹೊರಗೂ ಬರೆದು, ಅದರ ಮೇಲೆ ಮುದ್ರೆ ಒತ್ತುತ್ತಿದ್ದರು. ಒಳಗಿನದನ್ನು ತಿದ್ದಬೇಕೆಂದರೆ ಲಕೋಟೆಯನ್ನು ಒಡೆಯಲೇಬೇಕು. ಈ ರಸೀದಿ ಮಾಲು ಕೊಟ್ಟವನ ಬಳಿ ಇರುತ್ತಿತ್ತು. ಲೆಕ್ಕ ಒಪ್ಪಿಸುವ ದಿನ ಅವನನ್ನು ಕಾಪಾಡುತ್ತಿದ್ದದ್ದು ಅದೊಂದೇ.

ಆ ದಿನ ಎಷ್ಟು ಬಿಗಿಯಾಗಿತ್ತು ಎಂಬುದನ್ನು ತಿಳಿಯಬೇಕಾದರೆ ಇದೇ ರಾಜ್ಯದ ಉಮ್ಮಾ ಪ್ರಾಂತ್ಯದ ಮೇಸ್ತ್ರಿಗಳ ಲೆಕ್ಕವನ್ನು ನೋಡಬೇಕು. ಲೆಕ್ಕಕ್ಕೆ ತಿಂಗಳೆಂದರೆ 30 ದಿನ, ವರ್ಷವೆಂದರೆ 360 ದಿನ. ಒಬ್ಬ ಮೇಸ್ತ್ರಿಯ ಕೈಕೆಳಗೆ 20 ಹೆಣ್ಣಾಳುಗಳಿದ್ದರೆ ವರ್ಷದ ಆರಂಭದಲ್ಲಿಯೇ ಅವನ ಹೆಸರಿಗೆ 7,200 ಆಳುದಿನಗಳು (ಒಂದು ಆಳಿನ ಒಂದು ದಿನದ ದುಡಿಮೆ ಒಂದು ಆಳುದಿನ) ಬೀಳುತ್ತಿದ್ದವು, ಅದರ ಮೇಲೆ ಹಿಂದಿನ ವರ್ಷದ ಬಾಕಿ. ಎದುರು ಬದಿಯಲ್ಲಿ ಹಿಟ್ಟು ಬೀಸಿದ್ದು, ಕಾಲುವೆ ತೋಡಿದ್ದು, ಕೊಯ್ಲು ಮಾಡಿದ್ದು, ದೋಣಿ ಎಳೆದದ್ದು ಎಲ್ಲವನ್ನೂ ಮುದ್ರೆಯೊತ್ತಿದ ಫಲಕಗಳ ಆಧಾರದಿಂದ ದಿನಗಳಾಗಿ ಪರಿವರ್ತಿಸಿ ಕಳೆಯುತ್ತಿದ್ದರು. ಹೆಣ್ಣಾಳುಗಳಿಗೆ ಸಲ್ಲುವ ಆರರಲ್ಲೊಂದು ಪಾಲಿನ ಬಿಡುವೂ ಈ ಬದಿಯಲ್ಲಿಯೇ ಬರುತ್ತಿತ್ತು. ಇಷ್ಟಾದರೂ ವರ್ಷದ ಕೊನೆಗೆ ಬಾಕಿಯೇ ಉಳಿಯುವುದು ಸಾಮಾನ್ಯವಾಗಿತ್ತು, ಆ ಬಾಕಿ ಮುಂದಿನ ವರ್ಷದ ಫಲಕದ ತಲೆಯ ಮೇಲೆ ಹೋಗಿ ಕೂರುತ್ತಿತ್ತು. ಮೇಸ್ತ್ರಿ ತೀರಿಕೊಂಡರೆ ಅವನ ಮನೆಯ ಸೊತ್ತಿನಿಂದ ಅದನ್ನು ವಸೂಲು ಮಾಡಿದ ದಾಖಲೆಗಳೂ ಇವೆ. ಆಡಳಿತದ ಅಚ್ಚುಕಟ್ಟನ್ನು ಹೊಗಳುವವರು ಈ ಭಾಗವನ್ನು ಸಾಮಾನ್ಯವಾಗಿ ಓದದೆ ಬಿಟ್ಟಿರುತ್ತಾರೆ.

ಆಳುಗಳಿಗೆ ಸಿಗುತ್ತಿದ್ದದ್ದು ಪಡಿ: ಗಂಡಾಳಿಗೆ ಸಾಮಾನ್ಯವಾಗಿ ತಿಂಗಳಿಗೆ 60 ಸೀಲಾ ಬಾರ್ಲಿ, ಹೆಣ್ಣಾಳಿಗೆ ಅದರ ಅರ್ಧ, ಮಕ್ಕಳಿಗೆ ಇನ್ನೂ ಕಡಿಮೆ, ವರ್ಷಕ್ಕೊಮ್ಮೆ ಒಂದಿಷ್ಟು ಉಣ್ಣೆ. ಒಂದು ಸೀಲಾ ಸುಮಾರು ಒಂದು ಲೀಟರ್. ಒಂದು ಗುರ್, ಅಂದರೆ 300 ಸೀಲಾ ಬಾರ್ಲಿಗೆ ಲೆಕ್ಕದಲ್ಲಿ ಒಂದು ಶೆಕೆಲ್ ತೂಕದ ಬೆಳ್ಳಿ ಎಂಬ ದರವಿದ್ದುದರಿಂದ, ಒಬ್ಬ ಗಂಡಾಳಿನ ಐದು ತಿಂಗಳ ಪಡಿಯ ಬೆಲೆ ಎಂಟು ಗ್ರಾಂಗಿಂತ ತುಸು ಹೆಚ್ಚು ಬೆಳ್ಳಿ.

ವರ್ಷದ ಲೆಕ್ಕ ದೊಡ್ಡ ಫಲಕಕ್ಕೆ ಏರಿದ ಮೇಲೆ ಚಿಕ್ಕ ಫಲಕಗಳಿಗೆ ಬೆಲೆಯಿರಲಿಲ್ಲ. ಕೆಲವನ್ನು ನೆನೆಸಿ ಮತ್ತೆ ಬರೆಯಲು ಬಳಸಿರಬಹುದು. ಎಸೆದವು ಒಣಗಿ, ಮಣ್ಣಿನೊಳಗೆ ಹಾಗೆಯೇ ಉಳಿದವು. ಕಾಪಾಡಬೇಕೆಂದು ಯಾರೂ ಉದ್ದೇಶಿಸದ ಇವು, ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಕಳ್ಳ ಅಗೆತಗಾರರ ಕೈಗೆ ಸಿಕ್ಕಿ ಜಗತ್ತಿನ ಮ್ಯೂಸಿಯಂಗಳಿಗೆ ಚದುರಿಹೋದವು. ಆದರೂ ತಿಂಗಳು ಮತ್ತು ವರ್ಷದ ಹೆಸರು, ಅನೇಕ ಕಡೆ ದಿನವೂ ಇರುವುದರಿಂದ, ಬೇರೆ ಬೇರೆ ದೇಶಗಳಲ್ಲಿರುವ ಫಲಕಗಳನ್ನು ವಿದ್ವಾಂಸರು ಒಂದೇ ಕಚೇರಿಯ ಕಡತವಾಗಿ ಮತ್ತೆ ಜೋಡಿಸಬಲ್ಲವರಾಗಿದ್ದಾರೆ.

ಹಾಗೆ ಜೋಡಿಸಿದಾಗ ಕಾಣುವ ಇನ್ನೊಂದು ಸಂಗತಿಯಿದೆ. ವಂಶದ ಕೊನೆಯ ಅರಸ ಇಬ್ಬಿ-ಸಿನ್ ಪಟ್ಟಕ್ಕೆ ಬಂದು ಮೂರು ವರ್ಷಗಳಾಗುವ ಹೊತ್ತಿಗೆ ಡ್ರೆಹೆಮ್‌ನ ಫಲಕಗಳು ನಿಂತುಹೋಗುತ್ತವೆ. ಸ್ವಲ್ಪದರಲ್ಲಿಯೇ ಉಮ್ಮಾದವೂ ನಿಲ್ಲುತ್ತವೆ. ಉರ್ ನಗರ ಪೂರ್ವದ ನೆರೆನಾಡಾದ ಎಲಾಮಿನವರ ಕೈಗೆ ಬಿದ್ದದ್ದು ಇಪ್ಪತ್ತು ವರ್ಷಗಳ ಆಚೆಗೆ. ಆ ನಡುವೆಯೂ ಉಮ್ಮಾದ ಹೊಲಗಳಲ್ಲಿ ಬಾರ್ಲಿ ಬೆಳೆದೇ ಇರಬೇಕು, ಕುರಿಗಳು ಮೇದೇ ಇರಬೇಕು. ಉರ್‌ನ ಅರಸನಿಗೆ ಅದರ ಲೆಕ್ಕ ಒಪ್ಪಿಸುವವರು ಮಾತ್ರ ಇರಲಿಲ್ಲ.