ಕೇಳಿಸಲಿಲ್ಲವೋ, ಅರ್ಥವಾಗಲಿಲ್ಲವೋ?

ಚೀನಾದಲ್ಲಿ ಕಾಲೇಜು ಸೇರಲು ಬರೆಯುವ ಪರೀಕ್ಷೆಗೆ ಗಾವ್‌ಕಾವ್ ಅಂತ ಹೆಸರು. 2024ರಲ್ಲಿ 1.34 ಕೋಟಿ ಮಂದಿ ಅದಕ್ಕೆ ನೋಂದಾಯಿಸಿದ್ದರು. ಇಂಗ್ಲಿಷ್ ಪರೀಕ್ಷೆ ಹೆಚ್ಚಿನ ಕಡೆ ಶುರುವಾಗುವುದೇ ಕೇಳಿ ಉತ್ತರಿಸುವ ಭಾಗದಿಂದ. ಆ ಸುಮಾರು 20 ನಿಮಿಷ ಕೇಂದ್ರದ ಸುತ್ತ ಹಾರ್ನ್ ಹೊಡೆಯುವಂತಿಲ್ಲ, ಕಟ್ಟಡದ ಕೆಲಸವೂ ಬಂದ್. ರಾಷ್ಟ್ರೀಯ ಪ್ರಶ್ನೆಪತ್ರಿಕೆಯ 150 ಅಂಕದಲ್ಲಿ 30 ಈ ಭಾಗಕ್ಕೆ. ಪ್ರಶ್ನೆ 20, ಪ್ರತಿಯೊಂದಕ್ಕೂ ಮೂರು ಆಯ್ಕೆ. ಮೊದಲ ಐದು ಚಿಕ್ಕ ಸಂಭಾಷಣೆಗಳನ್ನು ಒಂದೇ ಸಲ ಕೇಳಿಸುತ್ತಾರೆ, ಉಳಿದವನ್ನು ಎರಡು ಸಲ.

ಈ ಮಕ್ಕಳಿಗೆ ಪಾಠ ಹೇಳುವುದು, ಶಾಲೆಯ ಮಟ್ಟದ ಪ್ರಶ್ನೆ ಬರೆಯುವುದು ನನ್ನ ಕೆಲಸ. ಒಬ್ಬ ಹುಡುಗನಿಗೆ 20 ಪ್ರಶ್ನೆಯಲ್ಲಿ 9 ಸರಿ ಬಂದರೆ ‘ಕಿವಿ ಪಳಗಿಲ್ಲ, ಜಾಸ್ತಿ ಕೇಳಿಸಿ’ ಅಂದುಬಿಡುತ್ತಾರೆ. ಮೂರು ಆಯ್ಕೆ ಇರುವಾಗ ಸುಮ್ನೆ ಗುರುತು ಹಾಕುತ್ತಾ ಹೋದರೂ ಆರೋ ಏಳೋ ಸರಿಯಾಗುತ್ತವೆ. ಹಾಗಾದರೆ ಆ 9 ಹೇಳುವುದು ಏನನ್ನು?

ಗಾವ್‌ಕಾವ್ ಪತ್ರಿಕೆಯಲ್ಲಿ ಮಾದರಿಗೆಂದು ಒಂದು ಪ್ರಶ್ನೆ ಅಚ್ಚಾಗಿರುತ್ತದೆ: ಶರ್ಟಿನ ಬೆಲೆ ಎಷ್ಟು? 19.15 ಪೌಂಡ್, 9.18 ಪೌಂಡ್, 9.15 ಪೌಂಡ್. ಉತ್ತರ 9.15. ವರ್ಷ ವರ್ಷವೂ ಅದೇ ಶರ್ಟು, ಅದೇ ಬೆಲೆ, ಚೀನಾದ ಮಕ್ಕಳಿಗೆ ಅದೊಂದು ತಮಾಷೆ. ನನಗೆ ಮಾತ್ರ ಈ ಪ್ರಶ್ನೆ ಇಷ್ಟ. 19.15 ಆರಿಸಿದವನು ನೈನ್, ನೈನ್‌ಟೀನ್ ಬೇರೆ ಮಾಡಿಕೊಂಡಿಲ್ಲ. 9.18 ಆರಿಸಿದವನಿಗೆ ಫಿಫ್ಟೀನ್, ಏಟೀನ್ ಕಲಸಿಹೋಗಿವೆ. ತಪ್ಪು ಉತ್ತರವೂ ಎಲ್ಲಿ ಎಡವಿದ ಅಂತ ಹೇಳುತ್ತದೆ. ತಪ್ಪು ಆಯ್ಕೆಗಳನ್ನು ಜಾಗ ತುಂಬಲು ಬರೆದ ಪ್ರಶ್ನೆಪತ್ರಿಕೆಗಳೇ ಹೆಚ್ಚು, ಅವುಗಳಿಂದ ಮೇಷ್ಟ್ರಿಗೆ ಏನೂ ಸಿಗುವುದಿಲ್ಲ.

ಎಡವುವ ಜಾಗಗಳಿಗೆ ಕಾರಣವಿದೆ. ಚೀನಾದ ಅಧಿಕೃತ ಭಾಷೆ ಮ್ಯಾಂಡರಿನ್‌ನಲ್ಲಿ ಅಕ್ಷರದ ಉಚ್ಚಾರ ಮುಗಿಯುವುದು ಸ್ವರದಲ್ಲಿ, ಇಲ್ಲವೇ ನ್, ಙ್ ಧ್ವನಿಯಲ್ಲಿ. ಬೀಜಿಂಗ್ ಕಡೆ ರ್ ಕೂಡ ಸೇರುತ್ತದೆ. ಟ್, ಡ್, ಸ್ ಕೊನೆಗೆ ಬರುವುದೇ ಇಲ್ಲ. ಹಾಗಾಗಿ ಅಮೆರಿಕದವರು ‘ಕ್ಯಾಂಟ್’ ಅನ್ನುತ್ತಾ ಕೊನೆಯ ಟ್ ನುಂಗಿದರೆ ಇವರಿಗೆ ‘ಕ್ಯಾನ್’ ಅಂತಲೇ ಕೇಳಿಸುತ್ತದೆ, ಉತ್ತರ ತಿರುಗುಮುರುಗು. ನಾವು ಕನ್ನಡಿಗರು ಬಸ್ಸು, ಕಾರು ಅಂತ ಒಂದು ಉ ಸೇರಿಸಿ ಕೊನೆಯ ವ್ಯಂಜನವನ್ನು ಉಳಿಸಿಕೊಳ್ಳುತ್ತೇವೆ, ಅಲ್ವಾ? ಹಾಂಗ್‌ಕಾಂಗ್ ಮಕ್ಕಳ ಕಥೆ ಬೇರೆ. ಅವರ ಕ್ಯಾಂಟನೀಸ್‌ನಲ್ಲಿ ಪ್, ಟ್, ಕ್ ಕೊನೆಗೆ ಬರುತ್ತವೆ. ‘ಚೀನೀ ಭಾಷಿಕರು’ ಅಂತ ಎಲ್ಲರಿಗೂ ಒಂದೇ ತಪ್ಪಿನ ಪಟ್ಟಿ ಹಿಡಿಯಲು ಆಗುವುದಿಲ್ಲ.

ಎಲ್ಲ ತಪ್ಪೂ ಕಿವಿಯದ್ದಲ್ಲ. ಚೀನೀಯರ ಎಣಿಕೆಯಲ್ಲಿ 10,000ಕ್ಕೆ ‘ವಾನ್’ ಅನ್ನುವ ಬೇರೆ ಘಟಕವಿದೆ. 3,50,000 ಅವರಿಗೆ 35 ವಾನ್. ಧ್ವನಿಮುದ್ರಣದಲ್ಲಿ ‘ತ್ರೀ ಹಂಡ್ರೆಡ್ ಅಂಡ್ ಫಿಫ್ಟಿ ಥೌಸಂಡ್’ ಅಂದರೆ ಹುಡುಗಿಗೆ ಪ್ರತಿ ಪದವೂ ಕೇಳಿಸಿರುತ್ತದೆ. ಆದರೆ ಅದನ್ನು ತನ್ನ ಲೆಕ್ಕಕ್ಕೆ ಇಳಿಸಿಕೊಳ್ಳುವಷ್ಟರಲ್ಲಿ ಮುಂದಿನ ಎರಡು ವಾಕ್ಯ ಹೋಗಿರುತ್ತವೆ. ಅವಳಿಗೆ ಬೇಕಾದ್ದು ಸಂಖ್ಯೆಗಳ ಅಭ್ಯಾಸ.

ಇದನ್ನು ಬೇರ್ಪಡಿಸಲು ನಾನು ಮಾಡುವುದು ಇಷ್ಟೇ. ಮೊದಲು ಒಂದು ತರಗತಿಗೆ ಧ್ವನಿ ಇಲ್ಲದೆ ಬರೀ ಪ್ರಶ್ನೆ ಕೊಡುತ್ತೇನೆ. ಮೂರರಲ್ಲಿ ಒಬ್ಬರಿಗಿಂತ ತುಂಬಾ ಜಾಸ್ತಿ ಮಕ್ಕಳು ಸರಿ ಉತ್ತರ ಹಾಕಿದರೆ ಆ ಪ್ರಶ್ನೆಯನ್ನು ಕಿತ್ತು ಹಾಕುತ್ತೇನೆ, ಕೇಳದೆಯೇ ಗೊತ್ತಾಗುವುದನ್ನು ಕೇಳಿಸಿ ಏನು ಪ್ರಯೋಜನ? ಉಳಿದ ಪ್ರಶ್ನೆಗಳನ್ನು ಇನ್ನೊಂದು ತರಗತಿಗೆ ಧ್ವನಿಯ ಜೊತೆ ಕೊಡುತ್ತೇನೆ. ಆಮೇಲೆ ಆಡಿದ ಮಾತನ್ನೇ ಅಚ್ಚುಮಾಡಿ ಅದೇ ಮಕ್ಕಳ ಕೈಗಿಟ್ಟು, ತಪ್ಪಾದವನ್ನು ಮತ್ತೆ ಮಾಡಿಸುತ್ತೇನೆ. ಓದಿದರೂ ತಪ್ಪಾದರೆ ಪದವೋ ವ್ಯಾಕರಣವೋ ಗೊತ್ತಿಲ್ಲ ಅಂತ. ಓದಿದಾಗ ಸರಿ, ಕೇಳಿದಾಗ ತಪ್ಪು ಅಂದರೆ ಆಗ ಮಾತ್ರ ಕಿವಿಯ ಮಾತು. ಇಲ್ಲಿ ಒಂದು ತೊಡಕಿದೆ: ಆಯ್ಕೆಗಳು ಇಂಗ್ಲಿಷಿನಲ್ಲಿರುವುದರಿಂದ ನಿಧಾನವಾಗಿ ಓದುವವರು ಅಲ್ಲೇ ಸೋಲುತ್ತಾರೆ. ಅಂಥವರಿಗೆ ಶಾಲೆಯ ಪರೀಕ್ಷೆಯಲ್ಲಿ ಆಯ್ಕೆಗಳನ್ನು ಚೀನೀ ಭಾಷೆಯಲ್ಲೇ ಕೊಡುತ್ತೇನೆ. ಇದಕ್ಕೆ ಮೂಗು ಮುರಿಯುವ ಸಹೋದ್ಯೋಗಿಗಳಿದ್ದಾರೆ. ಇರಲಿ.

ಒಂದು ಸಲ ಕೇಳಿಸಬೇಕೋ ಎರಡು ಸಲವೋ ಅನ್ನುವ ಜಗಳ ಮುಗಿಯುವಂಥದ್ದಲ್ಲ. ಹಾಂಗ್‌ಕಾಂಗ್‌ನಲ್ಲಿ ಪ್ರೌಢಶಾಲೆ ಮುಗಿಸುವವರು ಬರೆಯುವ ಡಿಎಸ್ಇ ಪರೀಕ್ಷೆಯಲ್ಲಿ ಒಂದೇ ಸಲ. ಬೀಜಿಂಗ್ 2021ರ ಗಾವ್‌ಕಾವ್‌ನಿಂದ ಕೇಳುವುದು, ಮಾತಾಡುವುದು ಎರಡನ್ನೂ ಸೇರಿಸಿ ಕಂಪ್ಯೂಟರಿನಲ್ಲಿ 50 ಅಂಕಕ್ಕೆ ನಡೆಸುತ್ತಿದೆ, ಅಲ್ಲಿ ಪರೀಕ್ಷೆಗೇ ಎರಡು ಸಲ ಕೂರಬಹುದು. ನನ್ನ ಮಟ್ಟಿಗೆ, ಫೋನಿನಲ್ಲಿ ‘ಇನ್ನೊಮ್ಮೆ ಹೇಳಿ’ ಅನ್ನಬಹುದಾದ ಮಾತುಕತೆಯನ್ನು ಎರಡು ಸಲ ಕೇಳಿಸಬೇಕು, ರೈಲು ನಿಲ್ದಾಣದ ಘೋಷಣೆಯನ್ನು ಒಂದೇ ಸಲ.

20ಕ್ಕೆ 9 ಪಡೆದ ಹುಡುಗನ ವಿಚಾರಕ್ಕೆ ಬಂದರೆ, ಅಚ್ಚಾದ ಮಾತು ಓದಿ ಅವನು 17 ಸರಿಮಾಡಿದರೆ ಪದಪಟ್ಟಿ ಉರು ಹೊಡೆಸುವುದು ದಂಡ. ದಿನಕ್ಕೆ ಎರಡೇ ವಾಕ್ಯ ಕೇಳಿಸಿ, ಕೇಳಿಸಿದ್ದನ್ನು ಬರೆಸಿ. ಪದದ ಕೊನೆಯಲ್ಲಿ ಏನು ಬಿಟ್ಟಿದ್ದಾನೆ ಅಂತ ಕೆಂಪು ಪೆನ್ನಿನಲ್ಲಿ ಗುರುತು ಹಾಕಿ. ಓದಿಯೂ 10 ದಾಟದಿದ್ದರೆ ಸದ್ಯಕ್ಕೆ ಹೆಡ್‌ಫೋನ್ ತೆಗೆದಿಟ್ಟು ಓದಿಸುವುದೇ ಮೇಲು.